ಎರಡನೆಯ ಸಹಿ

"ಈ ಸಹಿ ನಿಮ್ಮದಾ?"

"ನನ್ನದೇ ಮೇಡಂ."

"ಹೋದ ತಿಂಗಳು ಹದಿನಾಲ್ಕು, ಬೆಳಿಗ್ಗೆ ಹತ್ತೂವರೆ. ಜನರೇಟರ್ ಕೋಣೆಗೆ ನೀವು ಹೋಗಿದ್ರಾ?"

ಲೋಹಿತ್ ಬಾಯಿ ತೆರೆದ. ಮತ್ತೆ ಮುಚ್ಚಿದ.

ಹೇಮಶ್ರೀ ಕಾದಳು. ಅಣು ವಿದ್ಯುತ್ ಸ್ಥಾವರದ ಸುರಕ್ಷತಾ ತಪಾಸಣೆಗೆ ತಂಡದ ಮುಖ್ಯಸ್ಥೆಯಾಗಿ ಅವಳು ಬಂದು ಎರಡು ದಿನವಾಗಿತ್ತು. ಅವಳ ಯಾವ ಪ್ರಶ್ನೆಗೂ ತಡವರಿಸದ ಈ ಶಿಫ್ಟ್ ಎಂಜಿನಿಯರ್ ಈಗ ಮಾತ್ರ ಗೋಡೆ ನೋಡುತ್ತಿದ್ದ!

ನಿಯಮ ಸರಳವಾಗಿತ್ತು. ಹೊರಗಿನ ವಿದ್ಯುತ್ ನಿಂತುಹೋದರೆ ರಿಯಾಕ್ಟರನ್ನು ತಂಪಾಗಿಡುವ ಪಂಪುಗಳು ಆ ಡೀಸೆಲ್ ಜನರೇಟರುಗಳಿಂದಲೇ ನಡೆಯಬೇಕು. ಹಾಗಾಗಿ ಅವುಗಳ ವಾಲ್ವುಗಳನ್ನು ಒಬ್ಬರು ನೋಡಿ ಸಹಿ ಹಾಕಬೇಕು. ಆಮೇಲೆ ಇನ್ನೊಬ್ಬರು ತಾವೇ ಬೇರೆಯಾಗಿ ಹೋಗಿ, ತಮ್ಮ ಕಣ್ಣಿಂದ ನೋಡಿ ಎರಡನೆಯ ಸಹಿ ಹಾಕಬೇಕು. ಕಾಗದದಲ್ಲಿ ಎರಡು ಸಹಿಗಳಿದ್ದವು. ಬಾಗಿಲಿನ ಕಾರ್ಡ್ ದಾಖಲೆಯಲ್ಲಿ ಮಾತ್ರ ಒಳಗೆ ಹೋದವರು ಒಬ್ಬರೇ, ಹಿರಿಯ ಮೇಲ್ವಿಚಾರಕ ವೀರಯ್ಯ.

"ಉತ್ತರ ಇಲ್ಲ ಅಂತ ಬರ್ಕೊಳ್ಲಾ?"

"ಬರ್ಕೊಳ್ಳಿ ಮೇಡಂ."

ಅವಳು ಬರೆದುಕೊಂಡಳು. ಆದರೆ ವಾಪಸು ಹೊರಟಾಗ ಎದೆಯಲ್ಲೇನೋ ಚುಚ್ಚುತ್ತಿತ್ತು... 'ಇವನು ಎಲ್ಲರಂತಲ್ಲ ಅಂದುಕೊಂಡಿದ್ದೆನಲ್ಲ!'

ಮೂರು ವಾರ ಕಳೆಯಿತು. ರಜೆಗೆಂದು ಹೆಗ್ಗದ್ದೆಯ ಮನೆಗೆ ಬಂದ ಮಾರನೆಯ ದಿನವೇ ಅಮ್ಮ ಸರೋಜಮ್ಮ ಸೀರೆ ತಂದಿಟ್ಟರು.

"ಹುಡುಗ ಆಲೂರಿನ ಹತ್ರ ಮಗ್ಗೆ ಊರಿನವ್ನು ಕಣೇ. ಕರೆಂಟ್ ಆಫೀಸ್‌ನಾಗೆ ದೊಡ್ಡ ಕೆಲ್ಸ ಐತಂತೆ. ಫೋಟೋ ಆದ್ರೂ ನೋಡೇ!"

"ಬರ್ತಾನಲ್ಲಮ್ಮ, ಮುಖಾನೇ ನೋಡ್ತೀನಿ ಬಿಡು."

ಕಾಫಿ ತಟ್ಟೆ ಹಿಡಿದು ನಡುಮನೆಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

ಕುರ್ಚಿಯಲ್ಲಿ ಲೋಹಿತ್!

ಅವನ ತಾಯಿ ಇಂದ್ರಮ್ಮ ಲೋಟ ಎತ್ತಿಕೊಳ್ಳುತ್ತ ಕೇಳಿದರು, "ನಿನ್ನದೂ ಏನೋ ಚೆಕಿಂಗ್ ಕೆಲ್ಸವಂತಲ್ಲ ಕಣವ್ವ? ನಮ್ಮುಡುಗನ ಮೇಲೆ ಯಾವಳೋ ಹೆಣ್ಣಾಫೀಸರ್ ಏನೇನೋ ಬರ್ದು, ಕೆಲ್ಸಕ್ಕೇ ಕಲ್ಲು ಹಾಕ್ಬುಟ್ಟವ್ಳೆ! ನಿಂಗೇನಾದ್ರೂ ಅವಳ ಪರಿಚಯ ಐತಾ?"

ಲೋಹಿತ್‌ಗೆ ಕಾಫಿ ನೆತ್ತಿಗೇರಿತು. "ಅವ್ವಾ... ಸುಮ್ನಿರವ್ವ..."

"ಚೆನ್ನಾಗೇ ಪರಿಚಯ ಐತೆ ಕಣಮ್ಮ," ಎಂದಳು ಹೇಮಶ್ರೀ.

ಅವಳಿಗೆ ಸಿಟ್ಟು ಬಂದಿತ್ತು. 'ಗೊತ್ತಿದ್ದೇ ಬಂದಿದ್ದಾನೆ! ಅಂತಿಮ ವರದಿ ಇನ್ನೂ ನನ್ನ ಕೈಯಲ್ಲೇ ಇದೆಯಲ್ಲ...'

ಇಬ್ಬರೂ ಮಾತಾಡಿಕೊಳ್ಳಲಿ ಎಂದು ದೊಡ್ಡವರು ಅವರನ್ನು ಕಾಫಿ ಒಣಗಿಸುವ ಕಣದ ಕಡೆ ಕಳಿಸಿದರು. ಜನವರಿಯ ಬಿಸಿಲು ಬೀಜದ ಮೇಲೆ ಹರಡಿತ್ತು.

"ವರದಿ ತಿದ್ದಿಸೋಕೆ ಒಳ್ಳೇ ದಾರಿ ಹುಡುಕಿದ್ರಿ."

"ಇದು ನಿಮ್ಮನೆ ಅಂತ ಗೊತ್ತಿರಲಿಲ್ಲ. ಹೆಗ್ಗದ್ದೆ ಪುಟ್ಟಸ್ವಾಮಿಯೋರ ಮಗಳು ಅಂದ್ರು, ಅಷ್ಟೇ. ಫೋಟೋನೂ ನೋಡಿರಲಿಲ್ಲ."

"ಯಾಕೆ?"

"ಮೂರು ವಾರದಿಂದ ಒಬ್ಬರ ಮುಖಾನೇ ಕಣ್ಮುಂದೆ ನಿಂತೈತೆ. ಇಲ್ಲಿಗೆ ಬಂದಿದ್ದು, ಈ ಸಂಬಂಧ ಬೇಡ ಅಂತ ಹುಡುಗಿಗೆ ನೇರವಾಗಿ ಹೇಳೋಕೆ."

ಆ ಮುಖ ತನ್ನದೇ ಎಂದು ಅವಳಿಗೆ ಹೊಳೆಯಿತು. ಆದರೂ ಬಿಡಲಿಲ್ಲ.

"ಹಾಗಾದ್ರೆ ಅವತ್ತು ಯಾಕೆ ಬಾಯಿ ಬಿಡಲಿಲ್ಲ?"

"ಎಷ್ಟು ಸಲ ಅಂತ ಎಣಿಸ್ತಿದ್ದೆ."

"ಏನು?"

"ನೀವು ಹಿಡಿದಿದ್ದು ಒಂದು. ಹಾಗೆ ಹೋಗದೇ ಸಹಿ ಹಾಕಿದ್ದು ಎಷ್ಟು ಅಂತ ನನಗೇ ಅವತ್ತು ಖಚಿತ ಇರಲಿಲ್ಲ. ಅರ್ಧ ಸತ್ಯ ಹೇಳೋಕೆ ಮನಸ್ಸು ಬರಲಿಲ್ಲ. ಹಳೇ ದಾಖಲೆಗಳನ್ನೆಲ್ಲ ನೋಡ್ದೆ... ಐದು. ಮೊನ್ನೆ ನಮ್ಮ ಸ್ಥಾವರದ ಅಧಿಕಾರಿಗಳಿಗೆ ಬರೆದುಕೊಟ್ಟೆ. ನಿಮ್ಮ ಕಚೇರಿಗೂ ಕಳಿಸಿದ್ದೀನಿ."

ಅವಳು ಮೊಬೈಲ್ ತೆರೆದಳು. ರಜೆಯ ಗಡಿಬಿಡಿಯಲ್ಲಿ ನೋಡದೇ ಬಿಟ್ಟ ಪತ್ರ ಅಲ್ಲೇ ಇತ್ತು. ಐದು ತಾರೀಕು, ಐದು ಸಮಯ. ಕೆಳಗೆ ನಾಲ್ಕು ಸಾಲು:

'ವೀರಯ್ಯನವರು ನನಗೆ ಕೆಲಸ ಕಲಿಸಿದ ಗುರುಗಳು. ಅವರು ನೋಡಿದ್ದನ್ನು ನಾನು ಮತ್ತೆ ನೋಡಿದರೆ ಅವರಿಗೆ ಅವಮಾನವೆಂದು ಭಾವಿಸಿದೆ. ಹೋಗಬೇಡ ಎಂದು ಅವರು ಹೇಳಿರಲಿಲ್ಲ. ತಪ್ಪು ನನ್ನದು.'

ಹೇಮಶ್ರೀ ಅದನ್ನು ನಿಧಾನವಾಗಿ ಓದಿದಳು. ಇದು ಸೋಮಾರಿತನವಲ್ಲ, ಗೌರವ. ಅಪ್ಪ ಹೌದೆಂದ ಮೇಲೆ ಅದನ್ನು ಮತ್ತೆ ಪ್ರಶ್ನಿಸುವವರು ಅವಳ ಮನೆಯಲ್ಲೂ ಇರಲಿಲ್ಲ. ತಪ್ಪು ಗೌರವದ ವೇಷದಲ್ಲಿ ಬಂದರೆ ಯಾರೂ ಅದನ್ನು ತಡೆಯುವುದಿಲ್ಲ, ಹಾಗಾಗಿಯೇ ಅದು ಹೆಚ್ಚು ಅಪಾಯಕಾರಿ.

"ಇದ್ರಿಂದ ವರದಿ ಇನ್ನೂ ಗಟ್ಟಿಯಾಗುತ್ತೆ, ಗೊತ್ತಲ್ಲ? ನಿಮ್ಮನ್ನ ಕಂಟ್ರೋಲ್ ರೂಮಿಂದ ತೆಗೀತಾರೆ. ಮತ್ತೆ ಪರೀಕ್ಷೆ ಬರೀಬೇಕಾಗುತ್ತೆ."

"ಬರೀತೀನಿ. ನೀವು ಒಂದಕ್ಷರನೂ ಮೆತ್ತಗೆ ಮಾಡ್ಬೇಡಿ. ಮಾಡಿದ್ರೆ, ನಾನು ಮೆಚ್ಚಿದೋರು ನೀವಲ್ಲ!"

ಅವಳಿಗೆ ನಗು ಬಂತು. ಕಣ್ಣೂ ತುಂಬಿತು.

ಆದರೆ ಅವಳಿಗೂ ಒಂದು ನಿಯಮವಿತ್ತು. ಸಂಬಂಧವಿರುವವರ ಮೇಲೆ ತಪಾಸಣಾಧಿಕಾರಿ ವರದಿ ಬರೆಯುವಂತಿಲ್ಲ. ತಾನು ಇವನನ್ನು ಬೇಡವೆಂದರೆ ತಂಡದ ಮುಖ್ಯಸ್ಥೆಯ ಸ್ಥಾನ ಅವಳಲ್ಲೇ ಉಳಿಯುತ್ತದೆ. ಬೇಕೆಂದರೆ ಇಂದೇ ಬಿಟ್ಟುಕೊಡಬೇಕು. ನಾಳೆಗೆ ಮುಂದೂಡಿದರೂ ಅದು ಬಚ್ಚಿಟ್ಟಂತೆಯೇ.

ಅವಳು ಕಣದ ಕಟ್ಟೆಯ ಮೇಲೆ ಕೂತು ತನ್ನ ಕಚೇರಿಗೆ ಪತ್ರ ಟೈಪ್ ಮಾಡತೊಡಗಿದಳು. ಮುಗಿಸಿ, ಮೊಬೈಲನ್ನು ಅವನ ಕೈಗಿತ್ತಳು.

'ನಾನು ತಪಾಸಣೆ ಮಾಡಿದ ಸ್ಥಾವರದ ಎಂಜಿನಿಯರ್ ಲೋಹಿತ್ ಅವರನ್ನು ಮದುವೆಯಾಗಲು ಬಯಸಿದ್ದೇನೆ. ನನ್ನ ಟಿಪ್ಪಣಿಗಳನ್ನು ಇದ್ದ ಹಾಗೆಯೇ ಒಪ್ಪಿಸುತ್ತೇನೆ. ಅಂತಿಮ ವರದಿಯನ್ನು ಬೇರೆಯವರು ಬರೆಯಲಿ. ಇನ್ನು ಮುಂದೆ ಆ ಸ್ಥಾವರಕ್ಕೆ ನನ್ನನ್ನು ಕಳಿಸಬೇಡಿ.'

ಅವನು ಅದನ್ನು ಎರಡು ಸಲ ಓದಿದ.

"ಆ ತಂಡದ ಮುಖ್ಯಸ್ಥೆ ಆಗೋಕೆ ಎಷ್ಟು ವರ್ಷ ಕಾದಿದ್ರಿ?"

"ಆರು."

"ಬಿಟ್ಕೊಡ್ತೀರಾ... ನನಗೋಸ್ಕರ?"

"ತಪಾಸಣೆಗೆ ಬೇರೆ ಸ್ಥಾವರಗಳು ಸಿಗ್ತವೆ. ಒಂದು ತಪ್ಪು ಕೇಳಿದ್ರೆ ಐದು ತಪ್ಪು ಒಪ್ಕೊಳ್ಳೋ ಗಂಡಸು ಇನ್ನೊಬ್ಬ ಸಿಗ್ತಾನಾ?"

ಅಷ್ಟರಲ್ಲಿ ಜಗಲಿಯಿಂದ ಸರೋಜಮ್ಮನ ಕೂಗು! "ಅದೇನ್ರಪ್ಪಾ ಅಷ್ಟೊತ್ತು? ಕಾಫಿ ಬೀಜ ಎಣಿಸ್ತಾ ಕೂತಿದ್ದೀರಾ? ಹೂಂ ಅನ್ನಿ, ಇಲ್ಲ ಉಹೂಂ ಅನ್ನಿ ಮಾರಾಯ್ರೇ!"

"ಬಂದ್ವಿ ಇರಮ್ಮ!"

ಹೇಮಶ್ರೀ ಮೊಬೈಲ್ ವಾಪಸು ತೆಗೆದುಕೊಂಡು ಒಮ್ಮೆ ಒತ್ತಿದಳು. ಅಮ್ಮನಿಗೆ ಉತ್ತರ ಹೇಳಲು ಎದ್ದು ನಿಂತಳು.

"ಕಳಿಸಿಬಿಟ್ರಾ?" ಲೋಹಿತ್ ಕೇಳಿದ.

"ಕಳಿಸ್ದೆ."

"ಇನ್ನು ವಾಪಸ್ ತಗೊಳ್ಳೋಕಾಗಲ್ವಲ್ಲ..."

ಅವಳು ಅವನ ಕೈ ಹಿಡಿದಳು.

"ಅದಕ್ಕೇ ಕಳಿಸಿದ್ದು."