ಸಾವಿತ್ರಿಬಾಯಿ ಮನೆ ಮಾರಿದ ದಿನ

ಇದು ನಡೆದದ್ದೇ. ಇದರಲ್ಲಿ ಒಂದೇ ಒಂದು ಸುಳ್ಳು ಮಾತಿದ್ದರೂ ಇವತ್ತಿನಿಂದ ನನ್ನ ಚಹಾದಲ್ಲಿ ಸಕ್ಕರೆ ಕರಗದಿರಲಿ! ನಂಬಿಕೆ ಬರದವರು ಪುಣೆಗೆ ಹೋಗಿ, ಬಿಬವೇವಾಡಿಯ ಭಾಜಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಯಾರನ್ನಾದರೂ ಕೇಳಲಿ.

"ಈ ವಾರದಾಗ ಮನಿ ಮಾರತೀನಿ! ಅಳೂದಿದ್ರ ಈಗಽ ಅತ್ತು ಮುಗಿಸ್ರಿ!"

ಗೋಡೆಯ ಆಚೆಯಿಂದ ಅತ್ತೆಯ ಈ ಮಾತು ಬಂದಾಗ ನರ್ಮದಾ ರೊಟ್ಟಿ ಬಡಿಯುತ್ತಿದ್ದಳು. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಸುಟ್ಟು ಕರಿಯಾಗಿ, ಹೊಗೆ ಕಣ್ಣಿಗೆ ಹೊಕ್ಕಿತು. ಕಣ್ಣೀರಿಗೆ ಹೊಗೆ ಒಂದು ನೆಪವಾಯಿತು, ಅಷ್ಟೇ... ಅತ್ತೆ ಸಾವಿತ್ರಿಬಾಯಿಯ ದನಿ ಸಾಮಾನ್ಯದ್ದಲ್ಲ. ಆಕೆ ಬಿಬವೇವಾಡಿಯಲ್ಲಿ ಕೆಮ್ಮಿದರೆ ಕಾತ್ರಜದಲ್ಲಿ ಸಾತಾರಾ ಬಸ್ಸಿನ ಡ್ರೈವರು ಡಬಲ್ ಬೆಲ್ ಆಯಿತೆಂದು ಬಸ್ಸು ಬಿಟ್ಟುಬಿಡುತ್ತಿದ್ದ. ಹತ್ತಬೇಕಾದ ಜನ ಗಂಟುಮೂಟೆ ಸಮೇತ ಕೆಳಗೇ ಉಳಿಯುತ್ತಿದ್ದರು. ಅಂಥ ದನಿಗೆ ಅರ್ಧ ಇಟ್ಟಿಗೆಯ ಗೋಡೆ ಯಾವ ಲೆಕ್ಕ?

ಆ ಗೋಡೆ ಎದ್ದದ್ದು ಒಂದು ಮೊಳೆಯ ಸಲುವಾಗಿ. ಕೆಲವು ವರ್ಷದ ಹಿಂದೆ ನರ್ಮದಾ ತನ್ನ ತಂದೆಯ ಫೋಟೋ ತೂಗುಹಾಕಲು ನಡುಮನೆಯಲ್ಲಿ ಒಂದು ಮೊಳೆ ಹೊಡೆದಳು.

"ಯಾರನ್ನ ಕೇಳಿ ಹೊಡದಿ? ನಿಮ್ಮಪ್ಪ ಕಟ್ಟಿಸ್ಯಾನೇನ್ ಈ ಗ್ವಾಡಿ?"

"ಈ ಮನ್ಯಾಗ ನಂದು ಅಂತ ಒಂದು ಗ್ವಾಡಿ ಸುದ್ದಾ ಇಲ್ಲೇನ್ರಿ ಅತ್ತಿ?" ಎಂದು ನರ್ಮದಾ ಅತ್ತಳು.

ಅಷ್ಟೇ ಸಾಕಾಯಿತು. ಮರುದಿನ ಟೆಂಪೋ ತುಂಬ ಇಟ್ಟಿಗೆ ಬಂತು! ನಡುಮನೆಯ ನಟ್ಟನಡುವೆ ನೆಲದಿಂದ ಚಾವಣಿಯವರೆಗೆ ಗೋಡೆ ಎದ್ದಿತು. "ತಗೋ! ಇದು ನಿಂದಽ ಗ್ವಾಡಿ! ಎಷ್ಟ್ ಬೇಕೋ ಅಷ್ಟು ಮೊಳಿ ಹೊಡ್ಕೋ!" ಎಂದು ಸಾವಿತ್ರಿಬಾಯಿ ಬೀದಿ ಕಡೆಯ ಅರ್ಧಕ್ಕೆ ಹೋಗಿ, ಅಲ್ಲಿನ ಕೋಣೆಯೊಂದರಲ್ಲಿ ಬೇರೆ ಒಲೆ ಹೂಡಿದಳು. ಅಂದಿನಿಂದ ಅತ್ತೆ ಸೊಸೆ ಮುಖ ಕೊಟ್ಟು ಮಾತಾಡಿದ್ದಿಲ್ಲ. ನಡುವೆ ಸಿಕ್ಕವನು ಮಗ ಪ್ರಲ್ಹಾದ. ಇಲ್ಲಿ ಉಂಡರೆ ಅವ್ವ ಅಳುತ್ತಾಳೆ, ಅಲ್ಲಿ ಉಂಡರೆ ಹೆಂಡತಿ ಅಳುತ್ತಾಳೆ ಎಂದು ಎರಡೂ ಕಡೆ ಉಂಡು ಉಂಡು, ಪಾಪ, ಬಾಗಿಲಲ್ಲಿ ಅಡ್ಡಡ್ಡ ನುಸುಳುವ ಹಾಗಾಗಿದ್ದ.

ಇಷ್ಟೆಲ್ಲ ಆದರೂ ನರ್ಮದಾಳಿಗೆ ಆ ಮನೆಯ ಮೇಲೆ ಜೀವ. ಆಕೆಯ ತಂದೆ ರೈಲ್ವೆಯಲ್ಲಿದ್ದವರು. ಧಾರವಾಡ, ಲೋಂಡಾ, ಮಿರಜ ಎಂದು ಕ್ವಾರ್ಟರ್ಸಿನಿಂದ ಕ್ವಾರ್ಟರ್ಸಿಗೆ ಟ್ರಂಕು ಹೊತ್ತೇ ಬೆಳೆದವಳು. 'ಖಾಲಿ ಮಾಡಿ' ಎಂದು ಯಾರೂ ಹೇಳದ ಮನೆ ಆಕೆಗೆ ಸಿಕ್ಕಿದ್ದು ಇದೊಂದೇ. ಈಚೆಗೆ ಪ್ರಲ್ಹಾದನ ಕಾರ್ಖಾನೆ ಊರಾಚೆಯ ದೂರದ ಚಾಕಣಕ್ಕೆ ಹೋದಾಗ, ಮೂವರೂ ಅಲ್ಲಿ ಖೋಲಿ ಹಿಡಿದು, ಈ ಹಳೆಯ ಮನೆಯನ್ನು ದುರಸ್ತಿ ಮಾಡಿಸಿ ಬಾಡಿಗೆಗೆ ಕೊಡುವುದೆಂದು ಮಾತಾಗಿತ್ತು. ಸಾವಿತ್ರಿಬಾಯಿಯೂ ಗೊಣಗುತ್ತ ಹೂಂ ಅಂದಿದ್ದಳು. ಬಾಡಿಗೆಗೆ ಕೊಟ್ಟರೆ ಮನೆ ಎಲ್ಲಿಗೂ ಹೋಗುವುದಿಲ್ಲ, ಒಂದು ದಿನ ತಿರುಗಿ ಬರಬಹುದು. ಮಾರಿದರೆ...!

"ನಿನ್ನೆ ತನಕಾ ಬಾಡಗಿ ಅಂತಿದ್ರು, ಇವತ್ತ ಏನಾತ್ರಿ ಅವರಿಗೆ?" ಎಂದು ಸಂಜೆ ಗಂಡನನ್ನು ಹಿಡಿದು ಕೇಳಿದಳು.

"ನನಗೇನ್ ಗೊತ್ತ? ಮನಿ ಅಕಿ ಹೆಸರಿಲೆ ಅದ. ಚಾಕಣಕ್ಕ ಬರೂದಿಲ್ಲಂತ. ಮನಿ ಮಾರಿ, ಊರಾಗ ಕಾಶವ್ವ ಮೌಶಿ ಕಡೆ ಹೋಗಿ ಬೀಳ್ತೀನಿ ಅಂತಾಳ. ಕೇಳಿದ್ರ ಬರೇ ಅಳತಾಳ."

"ಅವರು ಅಳತಾರಽ? ನಮ್ಮನ್ನ ಬೀದಿಗೆ ಹಾಕಿ ಅವರು ಅಳತಾರ?"

ಮಾರಾಟ ಆಗಲಿ ಬಾಡಿಗೆ ಆಗಲಿ, ದುರಸ್ತಿಯಂತೂ ನಡೆದೇ ಇತ್ತು. ಗೋಡೆ ಕೆಲಸದ ಗವಂಡಿ ಅಂಬಾದಾಸ ಮರಾಠಿಯವನು, ಕನ್ನಡದ ಒಂದಕ್ಷರ ಬಾರದು. ತಾರಸಿಯ ಮೇಲಿನ ನೀರಿನ ಟಾಕಿ ಸೋರಿ ಸೋರಿ ನಡುವಿನ ಗೋಡೆ ನೆನೆದು ಹಪ್ಪಳವಾಗಿತ್ತು. ಟಾಕಿಯನ್ನು ಆಗಲೇ ಕಿತ್ತು ಇಳಿಸಿದ್ದಾಯಿತು. ಗೋಡೆಯ ಹಸಿ ಗಿಲಾವು ಕೆತ್ತುವುದು ಬಾಕಿ.

ಸುಂದರನೆಂಬ ದಲ್ಲಾಳಿ ಗಿರಾಕಿಯನ್ನು ಕರೆತರುವ ದಿನ ಬಂತು. ಪ್ರಲ್ಹಾದ ಕೆಲಸಕ್ಕೆ ಹೋಗಿದ್ದ. ಆಚೆ ಕಡೆ ಸಾವಿತ್ರಿಬಾಯಿ ಹೊಸ ಇಳಕಲ್ ಸೀರೆಯುಟ್ಟು ದಾರಿ ಕಾಯುತ್ತಿದ್ದಳು. ಈಚೆ ಕಡೆ ಅಂಬಾದಾಸ ದೊಡ್ಡ ಸುತ್ತಿಗೆ ಎತ್ತಿ ಹಿಡಿದು, ಇಲ್ಲಿ ಹೊಡೆಯಲೇ ಎಂದು ನರ್ಮದಾಳನ್ನು ತನ್ನ ಭಾಷೆಯಲ್ಲಿ ಕೇಳಿದ:

"ವಹಿನಿ, ಮಾರೂ ಕಾ?"

ಗೋಡೆಯಾಚೆಯ ಕನ್ನಡದ ಕಿವಿಗೆ ಕೇಳಿಸಿದ್ದು ಒಂದೇ ಮಾತು: ಮಾರು! ದಲ್ಲಾಳಿಯೇ ಬಂದು ಮನೆ ಮಾರೋಣವೇ ಎಂದು ಕೇಳುತ್ತಿದ್ದಾನೆಂದು ತಿಳಿದ ಸಾವಿತ್ರಿಬಾಯಿ ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದಳು:

"ಮಾರ್ರೀ! ಮಾರ್ರೀ! ಇನ್ನ ಕಾಯೂದೇನದ? ಮಾರ್ರೀ!"

ಆ ಮಾತು ನರ್ಮದಾಳ ಎದೆಗೆ ಬಡಿಯಿತು. ಮುಗಿಯಿತು, ಮನೆ ಹೋಯಿತು... ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೋಡೆಯಿಂದ ಹಿಂದೆ ಸರಿದಳು. ಆದರೆ ಅಂಬಾದಾಸನಿಗೆ ಕೇಳಿಸಿದ್ದು ಮರಾಠಿಯ 'ಮಾರ ರೇ, ಮಾರ ರೇ', ಅಂದರೆ ಹೊಡಿಯೋ, ಹೊಡಿಯೋ! ಯಜಮಾನ್ತಿಯೇ ಇಷ್ಟು ಹುರುಪಿನಿಂದ ಹೇಳಿದ ಮೇಲೆ ಬಿಡುತ್ತಾನೆಯೇ? ಹೊಡೆದ! ಮೂರನೆಯ ಏಟಿಗೆ ಗೋಡೆ ಒಮ್ಮೆ ಹೊಟ್ಟೆ ಉಬ್ಬಿಸಿ, ನಿಟ್ಟುಸಿರು ಬಿಟ್ಟು, ಪೂರ್ತಿ ಕೂತುಬಿಟ್ಟಿತು. ಎದ್ದ ಧೂಳು ಎಷ್ಟೆಂದರೆ, ಸಂಜೆಯಾಯಿತೆಂದು ಓಣಿಯ ಕೋಳಿಗಳು ಗೂಡು ಸೇರಿದವು.

ಧೂಳು ಇಳಿದಾಗ ಅತ್ತೆ ಸೊಸೆ ಎದುರಾಬದುರಾ ನಿಂತಿದ್ದರು, ಹಿಟ್ಟಿನ ಗಿರಣಿಯಿಂದ ಹೊರಬಂದವರ ಹಾಗೆ.

"ಕೆಡವಿಸಿದೀ? ನಾ ಮನಿ ಬಿಡೂ ತನಕಾ ಸುದ್ದಾ ತಡೀಲಿಲ್ಲೇನ ನಿನಗ?"

"ಮಾರ್ರಿ ಅತ್ತಿ! ಗ್ವಾಡಿ ಹೋತು, ಮನೀನೂ ಹೋಗ್ಲಿ! ಆದ್ರ ನಾ ಏನ್ ತಪ್ಪು ಮಾಡೇನಿ ಅಷ್ಟರೆ ಹೇಳ್ರಿ... ನಿಮ್ಮ ಕಾಲಿಗೆ ಬೀಳ್ತೀನಿ!"

ಸಾವಿತ್ರಿಬಾಯಿ ಅಂಬಾದಾಸನ ಕಡೆ ಬೆರಳು ಚಾಚಿದಳು. "ಏನ್ ತಪ್ಪ? ಇದಽ ಗವಂಡಿ ಮುಂದ ನೀ ಅಂದಿದ್ದು ನಾ ಕೇಳೀನಿ! 'ಜುನೀ ಝಾಲೀ, ದಿವಸಭರ ಗಳತೇ, ಕಾಢೂನ ಟಾಕಾ!' ಮುದುಕಿ ಆದ್ಲು, ದಿನಾ ಸೋರತಾಳ, ತಗದು ಒಗೀರಿ ಅಂದಿಲ್ಲ ನೀ? ಹೌದವಾ, ನನ್ನ ಕಣ್ಣಾಗ ದಿನಾ ನೀರು ಸೋರತಾವ... ನಾನೇನ್ ಮಾಡ್ಲಿ? ನೀ ತಗದು ಒಗಿಯೂ ಮದ್ಲ ನಾನಽ ಹೋದ್ರ ಆತಂತ..." ಮುಂದಿನ ಮಾತು ಸೆರಗಿನೊಳಗೆ ಹೋಯಿತು.

ತೆರೆದ ಬಾಯಿ ಮುಚ್ಚದೆ ನರ್ಮದಾ ಅಂಗಳದ ಕಡೆ ಕೈ ತೋರಿಸಿದಳು. "ಅತ್ತೀ... ಅದು ಟಾಕಿ! ನೀರಿನ ಟಾಕಿ!"

"ಟಾಕಿಗೆ ಯಾರರೆ ಸೋರತಾಳ ಅಂತಾರೇನ?"

"ಮರಾಠ್ಯಾಗ ಟಾಕಿ ಹೆಣ್ಣು ರೀ!"

ಸಾವಿತ್ರಿಬಾಯಿ ಅಂಗಳದಲ್ಲಿ ಬಿದ್ದಿದ್ದ ತುಕ್ಕು ಟಾಕಿಯನ್ನು ಒಮ್ಮೆ ನೋಡಿದಳು, ಸೊಸೆಯನ್ನು ಒಮ್ಮೆ ನೋಡಿದಳು. ಮೊದಲು ಹೊಟ್ಟೆ ಕುಣಿಯಿತು, ಆಮೇಲೆ ಹೆಗಲು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಆಕೆಗೇ ತಿಳಿಯಲಿಲ್ಲ. ಇಟ್ಟಿಗೆಗಳ ಮೇಲೆ ಕಾಲಿಟ್ಟು ಈಚೆ ಬಂದು, ಹೊಸ ಸೀರೆಯ ಸೆರಗಿನಿಂದಲೇ ಸೊಸೆಯ ಮುಖ ಒರೆಸಿದಳು. "ಬಾಯಿ ತಕ್ಕೊಂಡು ನಿಂದ್ರಬ್ಯಾಡ, ಹುಚ್ಚಿ... ಧೂಳು ಹೊಕ್ಕತದ." ಅಷ್ಟು ವರ್ಷಗಳಲ್ಲಿ ನೇರವಾಗಿ ಆಡಿದ ಮೊದಲ ಒಳ್ಳೆಯ ಮಾತು! ನರ್ಮದಾ ಅತ್ತೆಯ ಕೊರಳಿಗೆ ಬಿದ್ದಳು. ಅಂಬಾದಾಸ ಸುತ್ತಿಗೆ ಕೆಳಗಿಟ್ಟು, ತಾನೂ ಸುಮ್ಮನೆ ಇರಲಾರದೆ ಅತ್ತ.

ಅಷ್ಟರಲ್ಲಿ ದಲ್ಲಾಳಿ ಸುಂದರ, ಗಿರಾಕಿಯೊಡನೆ ಬಾಗಿಲಿಗೆ ಬಂದ. "ನಡೀರಿ ಬಾಯಿ, ವ್ಯವಹಾರ ಮುಗಿಸೋಣ!"

"ಮಾರೂದಿಲ್ಲ."

"ಏನ್ರೀ ಇದು! ಈಗಽ ಓಣಿಗೆಲ್ಲಾ ಕೇಳೂಹಂಗ 'ಮಾರ್ರಿ, ಮಾರ್ರಿ' ಅಂತ ಒದರಿದ್ರಿ. ನನಗ ಕಾತ್ರಜದಾಗ ಕೇಳಿಸ್ತು!"

ಸಾವಿತ್ರಿಬಾಯಿ ಸೊಂಟಕ್ಕೆ ಕೈಯಿಟ್ಟಳು. "ಗ್ವಾಡಿಗೆ ಅಂದಿದ್ದೆ! ಇಷ್ಟು ವರ್ಷ ಪುಣೆದಾಗ ಇದ್ದೀ, ಮರಾಠಿ ಬರೂದಿಲ್ಲೇನ್ ನಿನಗ?"

ನರ್ಮದಾಳ ಎದೆಯಿಂದ ಒಂದು ಬಂಡೆ ಉರುಳಿ ಹೋಯಿತು. ಚಾಕಣದ ಖೋಲಿಯ ಮಾತು ಮತ್ತೆ ಬರಲಿಲ್ಲ; ಪ್ರಲ್ಹಾದ ಕಂಪನಿಯ ಬಸ್ಸಿನಲ್ಲಿ ದಿನಾ ನಿದ್ದೆ ಮಾಡುತ್ತ ಹೋಗಿ, ನಿದ್ದೆ ಮಾಡುತ್ತ ಬರುತ್ತಾನೆ. ಅಡುಗೆ ಒಂದೇ ಒಲೆಯ ಮೇಲೆ. ಉಪ್ಪು ಯಾರು ಹಾಕಬೇಕೆಂಬ ಜಗಳ ಮಾತ್ರ ದಿನಾ ಇದೆ, ಅದಿಲ್ಲದಿದ್ದರೆ ಇಬ್ಬರಿಗೂ ಅನ್ನ ಇಳಿಯುವುದಿಲ್ಲ. ಸಾವಿತ್ರಿಬಾಯಿಯ ಬೇರೆ ಅಡುಗೆಮನೆ ಈಗ ಖಾಲಿ. ಬಾಗಿಲು ಬೇರೆ, ಸುಣ್ಣ ಹೊಸದು. ಅದೊಂದನ್ನು ಮಾತ್ರ ಬಾಡಿಗೆಗೆ ಕೊಡುವುದೆಂದು ಅತ್ತೆ ಸೊಸೆ ಕೂಡಿಯೇ ತೀರ್ಮಾನಿಸಿದ್ದಾರೆ.

ಇಷ್ಟು ಹೊತ್ತು ಪುಕ್ಕಟೆ ಕೇಳಿದಿರಿ, ಈಗ ನಿಮ್ಮ ಪಾಳಿ. ಆ ಖೋಲಿಗೆ ಒಬ್ಬ ಒಳ್ಳೆಯ ಬಾಡಿಗೆದಾರನನ್ನು ಹುಡುಕಿಕೊಡಿ. ಕಿವಿ ಸ್ವಲ್ಪ ಮಂದ ಇದ್ದರೆ ಅವನಿಗೇ ಒಳ್ಳೆಯದು. ಮತ್ತೆ ದಲ್ಲಾಳಿಯ ಪಾಲನ್ನು ಆ ಸುಂದರನ ಕೈಗೆ ಕೊಟ್ಟುಬಿಟ್ಟೀರಿ, ಹುಷಾರು! ಅದು ನನಗೆ ಬರಬೇಕು. ಚಿಲ್ಲರೆ ಇಲ್ಲ ಅನ್ನಬೇಡಿ, ನೋಟು ನಡೆಯುತ್ತದೆ.