ಬಾಯಿ ಹೊಲಿದ ದಿಂಬು

"ಕೊನೇ ಹೊಲಿಗೆ ಹಾಕಬೇಡ. ಬೆರಳಗಲ ಬಿಡು," ಎಂದಳು ಅಜ್ಜಿ.

ಹೊಲಿಗೆಯವಳು ಸೂಜಿಯನ್ನು ಅಲ್ಲೇ ನಿಲ್ಲಿಸಿ ತಲೆಯೆತ್ತಿದಳು. ಹಾಸಿಗೆ-ದಿಂಬಿನ ಆ ಅಂಗಡಿಗೆ ಅವಳು ಕೆಲಸಕ್ಕೆ ಸೇರಿ ಮೂರು ದಿನವಾಗಿತ್ತು. ಹಿಂದಿನ ಕೋಣೆಯಲ್ಲಿ ಹೊಲಿಯುವವರು ಅವರಿಬ್ಬರೇ. ಮುಂದಿನ ಕೋಣೆಯಲ್ಲಿ ಅಜ್ಜಿಯ ಮಗ ಯಂತ್ರದಲ್ಲಿ ಹತ್ತಿ ಹಿಂಜುತ್ತಿದ್ದ. ಅದರ ಗುಂಯ್‌ ಎನ್ನುವ ಸದ್ದಿಗೆ ಗೋಡೆಗಳೂ ಸಣ್ಣಗೆ ನಡುಗುತ್ತಿದ್ದವು. ಬಿಸಿಲುಕೋಲಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಮೂಲೆಯ ಹತ್ತಿ ಗುಡ್ಡೆಯ ಮೇಲೆ ಹೊಲಿಗೆಯವಳ ನಾಲ್ಕು ವರ್ಷದ ಮಗಳು ಮರಿ, ಕಾಲು ಚಾಚಿಕೊಂಡು, ಗುಂಡಿಗಳನ್ನು ಡಬ್ಬಿಗೆ ತುಂಬಿ ಮತ್ತೆ ಸುರಿಯುತ್ತಿದ್ದಳು.

"ಬಿಟ್ರೆ ಹತ್ತಿ ಆಚೆ ಬರಲ್ವಾ ಅಜ್ಜಿ?"

"ಹತ್ತಿ ಬರಲ್ಲ. ಕಂಡ ಕನಸು ಬೆಳಗಾಗೋ ಹೊತ್ತಿಗೆ ಅಲ್ಲಿಂದ ಹೊರಟುಹೋಗುತ್ತೆ. ದಿಂಬಿಗೊಂದು ಬಾಯಿ ಇರಬೇಕು ಕಣೆ."

"ಬಾಯಿ ಕೊಟ್ರೆ ಯಾರ ಮನೇಲಿ ಯಾರು ಎಷ್ಟು ಗೊರಕೆ ಹೊಡೀತಾರೆ ಅಂತ ಊರಿಗೆಲ್ಲ ಸಾರಿಬಿಡುತ್ತೆ!"

ಅಜ್ಜಿ ನಗಲಿಲ್ಲ. ದಾರವನ್ನು ಹಲ್ಲಿನಲ್ಲಿ ಕಡಿದು, ಸ್ವರ ತಗ್ಗಿಸಿದಳು. "ಹಿಂದೆ ಒಬ್ಬಳು ಬಂದಿದ್ಲು. ಗಂಡ ತೀರಿಕೊಂಡಿದ್ದ. ಕನಸಲ್ಲಿ ಬರ್ತಾನೆ, ಎದ್ದರೆ ನೆನಪೇ ಇರಲ್ಲ, ಹೇಗಾದ್ರೂ ಉಳಿಸಿಕೊಡು ಅಂತ ಕಾಲು ಹಿಡಿದಳು. ನಮ್ಮತ್ತೆ ಕಲಿಸಿದ್ದ ಮಾಟ ಇತ್ತು. ಅವಳದೇ ತಲೆಗೂದಲಲ್ಲಿ ಅವನ ದಿಂಬಿನ ಬಾಯಿ ಹೊಲಿಸಿದೆ. ಹೊಲಿಗೆಗೊಂದು ಸಲ ಅವನ ಹೆಸರು ಹೇಳಿಸಿದೆ."

"ಆಮೇಲೆ? ಉಳಿದನಾ?"

"ಅವನು ಉಳಿದ. ಅವಳು ಉಳೀಲಿಲ್ಲ."

ಹೊಲಿಗೆಯವಳು ಜೋರಾಗಿ ನಕ್ಕಳು. ನಗು ಮುಗಿದ ಮೇಲೂ ಒಂದು ಮಾತು ಮಾತ್ರ ಮುಳ್ಳಿನಂತೆ ಒಳಗೇ ನಿಂತಿತು: ಅವನು ಉಳಿದ.

ಅವಳಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ಗುಬ್ಬಿ ದೊಡ್ಡವಳು. ಆರು ತುಂಬಿದ ವಾರದಲ್ಲೇ ಜ್ವರ ಬಂದು, ನಾಲ್ಕನೆಯ ದಿನ ಹೋಗಿಬಿಟ್ಟಿದ್ದಳು. ಅದಾಗಿ ಒಂದೂವರೆ ವರ್ಷ. ಅಂದಿನಿಂದ ಪ್ರತಿ ಬೆಳಿಗ್ಗೆ ಏಳುವಾಗ ತಾಯಿಯ ಕೆನ್ನೆ ಒದ್ದೆಯಾಗಿರುತ್ತಿತ್ತು. ಮಗಳು ಬಂದಿದ್ದಳೆಂದು ತಿಳಿಯುತ್ತಿತ್ತು. ಏನಂದಳು, ಹೇಗಿದ್ದಳು ಎಂದು ಹುಡುಕುವಷ್ಟರಲ್ಲಿ ಬೊಗಸೆಯ ನೀರಿನ ಹಾಗೆ ಎಲ್ಲವೂ ಸೋರಿಹೋಗುತ್ತಿತ್ತು. ಈಚೆಗಂತೂ ಎಚ್ಚರವಾಗಿದ್ದಾಗಲೂ ಗುಬ್ಬಿಯ ದನಿ ನೆನಪಾಗುತ್ತಿರಲಿಲ್ಲ. ಮುಖವಿತ್ತು, ದನಿ ಇರಲಿಲ್ಲ.

ಕನಸನ್ನು ನೆನಪಿಟ್ಟುಕೊಳ್ಳುವ ಅಭ್ಯಾಸವೊಂದಿದೆ ಎಂದು ಯಾರೋ ಹೇಳಿದ್ದರು. ಎಚ್ಚರವಾದ ಕೂಡಲೇ ಕಣ್ಣು ತೆರೆಯಬಾರದು, ಮಗ್ಗುಲು ಬದಲಿಸಬಾರದು. ಕೊನೆಯಲ್ಲಿ ಕಂಡದ್ದರ ಬಾಲ ಹಿಡಿದು ಹಿಂದೆ ಹಿಂದೆ ಹೋಗಬೇಕು. ಒಂದೇ ಪದ ಸಿಕ್ಕರೂ ಬರೆದಿಡಬೇಕು. ಹಗಲಿನಲ್ಲಿ ಹತ್ತಾರು ಸಲ ಅಂಗೈ ನೋಡಿ, ಬೆರಳೆಣಿಸಿ, ಇದು ಕನಸೇ ಎಂದು ಕೇಳಿಕೊಳ್ಳಬೇಕು. ಕೈಗೆ ಆ ಚಾಳಿ ಅಂಟಿದರೆ ಕನಸಿನಲ್ಲೂ ಎಣಿಸುತ್ತದೆ. ಅಲ್ಲಿ ಲೆಕ್ಕ ತಪ್ಪುತ್ತದೆ. ಆಗ ಕನಸಿನೊಳಗೇ ಎಚ್ಚರ ಮೂಡುತ್ತದೆ. ಮೂರು ತಿಂಗಳು ಬಿಡದೆ ಮಾಡಿದ್ದಳು. ಬರೆದಿಟ್ಟ ಪುಸ್ತಕದಲ್ಲಿ ಇದ್ದದ್ದು ಇಷ್ಟೇ: ನೀರು. ಮೆಟ್ಟಿಲು. ಯಾರೋ ಕರೆದರು.

ಆ ಸಂಜೆ ಮನೆಗೆ ಬಂದವಳೇ ಪೆಟ್ಟಿಗೆಯಿಂದ ಗುಬ್ಬಿಯ ಪುಟ್ಟ ದಿಂಬನ್ನು ತೆಗೆದಳು. ಅದರ ಒಂದು ಮಗ್ಗುಲು ನಾಲ್ಕು ಬೆರಳಗಲ ಬಿಚ್ಚಿಕೊಂಡಿತ್ತು. ನಂಬಿಕೆಯೇನೂ ಇರಲಿಲ್ಲ, ಮಾಡಿ ನೋಡಿದರೆ ಗಂಟೇನು ಹೋಗುತ್ತದೆ ಎಂದುಕೊಂಡಳು. ನೆತ್ತಿಯಿಂದ ಉದ್ದನೆಯ ಕೂದಲು ಕಿತ್ತು ಸೂಜಿಗೆ ಪೋಣಿಸಿದಳು. ಏಳು ಹೊಲಿಗೆ. ಏಳು ಸಲ ಗುಬ್ಬಿಯ ಹೆಸರು. ಏಳನೆಯದು ಬಿಗಿಯುತ್ತಿದ್ದಂತೆ ಅಂಗೈ ಕೆಳಗೆ ದಿಂಬು ಮೆಲ್ಲನೆ ಉಬ್ಬಿತು, ಯಾರೋ ಉಸಿರು ಒಳಗೆಳೆದುಕೊಂಡು ಬಿಡದೆ ಇಟ್ಟುಕೊಂಡ ಹಾಗೆ.

ಹಳೆ ಹತ್ತಿ, ಎಂದುಕೊಂಡಳು. ರಾತ್ರಿ ಅದರ ಮೇಲೇ ತಲೆಯಿಟ್ಟು ಮಲಗಿದಳು.

ಮರುದಿನ ಬೆಳಿಗ್ಗೆ ಪುಸ್ತಕದ ಎರಡು ಪುಟ ತುಂಬಿತು. ಮೂರನೆಯ ದಿನ ಆರು ಪುಟ. ಗುಬ್ಬಿಯ ಒದ್ದೆ ಪಾದಗಳ ತಂಪು, ಬಿದ್ದ ಹಲ್ಲಿನ ಸಂದಿಯಿಂದ ಬರುವ ಸಿಳ್ಳೆ, ಕತ್ತಿನ ಬೆವರಿನ ವಾಸನೆ. ಐದನೆಯ ದಿನ ದನಿಯೂ ಬಂತು. ತಾಯಿ ಬರೆಯುತ್ತ ಬರೆಯುತ್ತ ಒಲೆ ಹಚ್ಚುವುದನ್ನು ಮರೆತಳು. ಪಕ್ಕದಲ್ಲಿ, ಅದೇ ದಿಂಬಿನ ಇನ್ನೊಂದು ತುದಿಗೆ ಕೆನ್ನೆಯಿಟ್ಟು ಮಲಗಿದ್ದ ಮರಿ ಎರಡು ಸಲ ಕರೆದರೂ ಏಳಲಿಲ್ಲ. ಅದನ್ನು ಅವಳು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಎಂಟನೆಯ ಕನಸಿನಲ್ಲಿ ಅಮ್ಮ-ಮಗಳು ಮೆಟ್ಟಿಲ ಮೇಲೆ ಕುಳಿತಿದ್ದರು. ಚಾಳಿಯಂತೆ ತಾಯಿ ಅಂಗೈ ನೋಡಿದಳು. ಆರು ಬೆರಳು.

"ಇದು ಕನಸು," ಎಂದಳು.

ಹಾಗೆಂದದ್ದೇ ತಡ, ಸುತ್ತಲಿನದೆಲ್ಲ ತೊಳೆದಿಟ್ಟಂತೆ ಸ್ಪಷ್ಟವಾಯಿತು. ಗುಬ್ಬಿ ಆಟ ನಿಲ್ಲಿಸಿ ತಿರುಗಿದಳು.

"ಗೊತ್ತಾಗ್ಬಿಡ್ತಾ ಅಮ್ಮಾ? ಹಾಗಾದ್ರೆ ಇನ್ಮೇಲೆ ಎದ್ದು ಹೋಗ್ಬೇಡ."

"ಹೋಗ್ಲೇಬೇಕಲ್ಲ ಕಂದಾ. ಅಲ್ಲಿ ಮರಿ ಒಬ್ಬಳೇ ಇದ್ದಾಳೆ."

ಗುಬ್ಬಿ ಅಮ್ಮನ ಬೆರಳು ಹಿಡಿದುಕೊಂಡಳು. "ಅವಳನ್ನೂ ಕರ್ಕೊಂಡು ಬರ್ತೀನಿ, ಬಿಡು."

ಆಮೇಲಿನ ದಿನಗಳಲ್ಲಿ ಮರಿ ತಲೆ ಬಾಚಿಸಿಕೊಳ್ಳುತ್ತಲೇ ತೂಕಡಿಸತೊಡಗಿದಳು. ಬಾಯಿಗಿಟ್ಟ ತುತ್ತು ಅಗಿಯದೆ ಹಾಗೇ ಉಳಿಯುತ್ತಿತ್ತು. "ಅಕ್ಕ ಆಟಕ್ಕೆ ಕರೀತಾಳೆ," ಎಂದಳೊಮ್ಮೆ. ತಾಯಿ ಬೆಚ್ಚಿದಳು. ಆದರೂ ಅವಳು ಕೇಳಿದ್ದು, "ಅಕ್ಕ ನನ್ನ ಬಗ್ಗೆ ಏನಂದ್ಲು?" ಎಂದು.

ಮಾರನೆಯ ದಿನ ಮಗು ದಿಂಬನ್ನು ಬಿಟ್ಟಿರಲಾರೆನೆಂದು ಹಟ ಹಿಡಿಯಿತು. ತಾಯಿ ಅದನ್ನೂ ಅಂಗಡಿಗೆ ತಂದಳು. ಮಧ್ಯಾಹ್ನ ಊಟಕ್ಕೆಂದು ಎಬ್ಬಿಸಿದರೆ ಮರಿ ಏಳಲಿಲ್ಲ. ಕೆನ್ನೆ ತಟ್ಟಿದಳು. ನೀರು ಚಿಮುಕಿಸಿದಳು. ಎತ್ತಿ ಅಲುಗಿಸಿದರೆ ಕತ್ತು ಬಟ್ಟೆಯ ಗೊಂಬೆಯಂತೆ ವಾಲಿತು. ಕೋಣೆಯಲ್ಲಿ ಎಲ್ಲಿಂದಲೋ ಜ್ವರದ ಔಷಧಿಯ ಕಹಿ ವಾಸನೆ, ನೆನೆದ ಹತ್ತಿಯ ಮುಗ್ಗಲು ವಾಸನೆ.

ಅಜ್ಜಿಯ ಮಗ ಡಾಕ್ಟರನ್ನು ಕರೆತರಲು ಓಡಿದ. ಅಜ್ಜಿ ಮಾತ್ರ ದಿಂಬನ್ನು ತಿರುಗಿಸಿ, ಅಂಚಿನುದ್ದಕ್ಕೂ ಬೆರಳಾಡಿಸಿದಳು. ಕೂದಲು ತಗುಲಿದ ಕಡೆ ಬೆರಳು ನಿಂತಿತು.

"ಅಯ್ಯೋ ಹಾಳಾದವಳೇ. ಏನು ಮಾಡ್ಕೊಂಡೆ?"

"ನನ್ನ ದೊಡ್ಡ ಮಗಳ ದಿಂಬು ಅಜ್ಜಿ! ಬಿಚ್ಚಿ! ಕತ್ತರಿಸಿ ಬಿಸಾಕಿ!"

ದಪ್ಪ ಹಾಸಿಗೆಬಟ್ಟೆಯನ್ನೇ ಸರ್ರನೆ ಸೀಳುವ ಕತ್ತರಿ ಆ ಕೂದಲ ಮೇಲೆ ಜಾರಿತು. ಬಟ್ಟೆಗೆ ಹಾಕಿದರೂ ಜಾರಿತು.

"ಇದು ಹೊರಗಿಂದ ಆಗಲ್ಲ," ಎಂದಳು ಅಜ್ಜಿ. "ಹೊಲಿದ ಕೈಯೇ ಒಳಗಿಂದ ಬಿಚ್ಚಬೇಕು. ಕನಸಲ್ಲಿದ್ದುಕೊಂಡೇ ಎಚ್ಚರ ಇರಬೇಕು. ಗಂಡ ಸತ್ತ ಆ ಹೆಂಗಸಿಗೆ ಅದು ಬರ್ತಿರಲಿಲ್ಲ."

"ನನಗೆ ಬರುತ್ತೆ."

"ಪೂರ್ತಿ ಕೇಳು. ಬಾಯಿ ಬಿಟ್ಟರೆ ಕನಸು ಒಂದೇ ಹೋಗಲ್ಲ. ಆ ಹುಡುಗಿ ನಿನ್ನೊಳಗೆ ಎಷ್ಟಿದ್ದಾಳೋ ಅಷ್ಟೂ ಹೋಗುತ್ತೆ. ಹೆತ್ತದ್ದೂ ಸೇರಿ."

ಮರಿಯ ತುಟಿ ನೀಲಿಯಾಗುತ್ತಿತ್ತು. ತಾಯಿ ದಿಂಬನ್ನು ಕಿತ್ತುಕೊಂಡು ಮತ್ತೆ ಮರಿಯ ತಲೆಯಡಿ ಇಟ್ಟಳು. ಮಗುವಿನ ಪಕ್ಕದಲ್ಲಿ, ಅದೇ ದಿಂಬಿನ ಮೇಲೆ ತಲೆಯಿಟ್ಟಳು. ನಿದ್ದೆ ಬರಲಿಲ್ಲ, ದಿಂಬೇ ಅವಳನ್ನು ಒಳಗೆ ಎಳೆದುಕೊಂಡಿತು.

ಅದೇ ಕೋಣೆ. ಯಂತ್ರದ ಸದ್ದಿಲ್ಲ. ಮೊಣಕಾಲುದ್ದ ಹತ್ತಿ. ಮೇಲಿನಿಂದ ಇನ್ನೂ ಬೀಳುತ್ತಲೇ ಇತ್ತು. ಬಿಳಿಯ ಕತ್ತಲೆ. ಬಾಗಿಲಿದ್ದ ಕಡೆ ದಿಂಬಿನ ಬಟ್ಟೆಯ ಗೋಡೆ, ಅದರ ಮೇಲೆ ಹಗ್ಗದಷ್ಟು ದಪ್ಪನೆಯ ಏಳು ಕಪ್ಪು ಹೊಲಿಗೆ. ಗುಬ್ಬಿ ಅದಕ್ಕೊರಗಿ ನಿಂತಿದ್ದಳು. ಅವಳ ಕೈಯಲ್ಲಿ ಮರಿಯ ಕೈ.

ತಾಯಿ ಅಂಗೈ ನೋಡಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಮತ್ತೆ ಎಣಿಸಿದಳು. ಐದು. ಸರಿಯಾಗಿ ಐದು.

"ನಾನೇ ಸರಿಮಾಡ್ದೆ," ಎಂದಳು ಗುಬ್ಬಿ. "ಇನ್ನು ನಿನಗೆ ಗೊತ್ತಾಗಲ್ಲ."

ಗೊತ್ತಾಗಲಿಲ್ಲ. ಹತ್ತಿಯ ಬಿಸುಪು ಸೊಂಟದವರೆಗೆ ಏರಿತು. ಯಾಕೆ ಬಂದೆ ನಾನು? ಇಬ್ಬರೂ ಮಕ್ಕಳು ಎದುರಿಗಿದ್ದಾರೆ. ಇನ್ನೇನು ಬೇಕು? ಕಣ್ಣು ಎಳೆಯಿತು. ಎಲ್ಲ ಸರಿಯಾಗಿದೆ. ಎಲ್ಲವೂ. ಒಂದನ್ನು ಬಿಟ್ಟು. ಒಂದೂವರೆ ವರ್ಷದಿಂದ ಬಾಯಿಬಿಟ್ಟು ಹೇಳದೆ ಉಳಿಸಿಕೊಂಡಿದ್ದ ಮಾತು. ಬೇರೆಯವರು ಆಡಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ ಮಾತು.

"ನೀನು ಸತ್ತುಹೋದೆ ಕಂದಾ," ಎಂದಳು. "ಅದಕ್ಕೇ ಇದು ಕನಸು."

ಹತ್ತಿ ಬೀಳುವುದು ನಿಂತಿತು. ಗುಬ್ಬಿಯ ಮುಖ ಸಣ್ಣಗಾಯಿತು.

ತಾಯಿ ಹತ್ತಿಯನ್ನು ಸೀಳಿಕೊಂಡು ಗೋಡೆಗೆ ಹೋದಳು. ಉಗುರು ಹಾಕಿದಳು. ಎಳೆದಳು. ಮೊದಲ ಹೊಲಿಗೆ ಬಿಚ್ಚಿತು. ದನಿ ಹೋಯಿತು. ಗುಬ್ಬಿಯ ಬಾಯಿ ಆಡುತ್ತಿತ್ತು, ಏನೂ ಕೇಳಲಿಲ್ಲ. ಎರಡನೆಯದು. ಕತ್ತಿನ ವಾಸನೆ ಹೋಯಿತು. ಮೂರನೆಯದು. ಆಸ್ಪತ್ರೆಯ ನಾಲ್ಕು ದಿನ ಹೋದವು; ಅಷ್ಟಾದರೂ ಹಗುರವಾಯಿತು. ನಾಲ್ಕು. ಮೊದಲ ಹೆಜ್ಜೆ. ಐದು. ಉಗುರು ಕಿತ್ತುಬಂತು. ಎದೆಹಾಲು ಕುಡಿಯುತ್ತ ನಕ್ಕದ್ದು. ಆರು. ಹೆಸರು. ನಾಲಿಗೆಯ ತುದಿಯಲ್ಲೇ ಇತ್ತು. ಇಲ್ಲ. ಏಳನೆಯದಕ್ಕೆ ಕೈಯಿಟ್ಟಾಗ ಒಬ್ಬ ಪುಟ್ಟ ಹುಡುಗಿ ಅವಳ ಬೆರಳನ್ನು ಹಿಡಿದುಕೊಂಡು ತಲೆಯೆತ್ತಿ ನೋಡುತ್ತಿದ್ದಳು. ಯಾರದೋ ಮಗು. ಮುದ್ದಾಗಿತ್ತು. ಅಳುತ್ತಿತ್ತು. ಬೆರಳು ಬಿಡಿಸಿಕೊಳ್ಳುವ ಮುನ್ನ ತಾಯಿ ಅದರ ತಲೆ ನೇವರಿಸಿದಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಎಳೆದಳು.

ಕೆಮ್ಮು. ಆಮೇಲೆ ದೊಡ್ಡ ಅಳು. ಮರಿ ಎದ್ದು ಕುಳಿತು, ಬಾಯಿಯಿಂದ ಹತ್ತಿಯ ಎಳೆ ಉಗುಳುತ್ತ, ಹಸಿವು ಹಸಿವು ಎಂದು ಕಿರುಚಿದಳು. ತಾಯಿ ಅವಳನ್ನು ಅವುಚಿಕೊಂಡು ಹಣೆಗೆ, ಕಣ್ಣಿಗೆ, ಕಿವಿಗೆ ಮುತ್ತಿಟ್ಟಳು. ಪಕ್ಕದಲ್ಲಿ ದಿಂಬು ಚಪ್ಪಟೆಯಾಗಿ ಬಿದ್ದಿತ್ತು. ಓಡೋಡಿ ಬಂದ ಡಾಕ್ಟರು ನಾಡಿ ಹಿಡಿದು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, "ಏನೂ ತೊಂದರೆ ಇಲ್ಲವಲ್ಲಮ್ಮ. ಮನೇಲಿ ಬೇರೆ ಮಕ್ಕಳಿಗೆ ಯಾರಿಗಾದ್ರೂ ಹಿಂದೆ ಹೀಗೆ ಆಗಿತ್ತಾ?" ಎಂದರು.

"ಇಲ್ಲ ಡಾಕ್ಟ್ರೇ. ಇವಳೊಬ್ಬಳೇ ನನಗೆ."

ಅಜ್ಜಿ ಗೋಡೆಯ ಕಡೆ ತಿರುಗಿ ನಿಂತಳು.

ಮರಿ ಅಳು ನಿಲ್ಲಿಸಿ ತಾಯಿಯ ಮುಖವನ್ನೇ ನೋಡಿದಳು. "ಅಮ್ಮಾ, ಅಕ್ಕ ಅಲ್ಲೇ ನಿಂತಿದ್ಲು. ಅವಳನ್ನ ಯಾಕೆ ಬಿಟ್ಟು ಬಂದೆ?"

ತಾಯಿ ಮಗುವಿನ ಕೆನ್ನೆಗೆ ಅಂಟಿದ್ದ ಹತ್ತಿಯನ್ನು ತೆಗೆದು, ನಕ್ಕಳು.

"ಯಾವ ಅಕ್ಕ, ಬಂಗಾರಿ?"