ಸೋನೆಯನ್ನು ಕರೆದ ಸೀಟಿ

2025ರ ಫೆಬ್ರವರಿ 14, ಶುಕ್ರವಾರ. ಬೆಳಿಗ್ಗೆ 8 ಗಂಟೆ 20 ನಿಮಿಷಕ್ಕೆ ಮಧುಗಿರಿ ಪೊಲೀಸ್ ಠಾಣೆಗೆ ಒಂದು ದೂರು ಬಂತು. ದೂರು ತಂದವರು ಕಮಲಾಕ್ಷಮ್ಮ, ವಯಸ್ಸು ನಲವತ್ತೊಂದು, ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ಎರಡೂ ಕಣ್ಣು ಕಾಣುವುದಿಲ್ಲ. ಅವರ ಅಣ್ಣ ಮಹಾಲಿಂಗಯ್ಯ ತಂಗಿಯ ಮಣಿಕಟ್ಟು ಹಿಡಿದು, ಮೆಟ್ಟಿಲು, ಹೊಸಿಲು, ಬೆಂಚು ಎಂದು ಒಂದೊಂದನ್ನೂ ಗಟ್ಟಿಯಾಗಿ ಹೇಳುತ್ತ ಒಳಗೆ ಕರೆತಂದರು.

ಇನ್ಸ್‌ಪೆಕ್ಟರ್ ನಂದೀಶ್ವರಯ್ಯ ಆಗ ಕಣ್ಣು ಮುಚ್ಚಿ ಕುಳಿತಿದ್ದರು. ಹೊಸಬರು ನೋಡಿದರೆ ಸಾಹೇಬರು ಗೊರಕೆ ಹೊಡೆಯುವುದೊಂದೇ ಬಾಕಿ ಎಂದುಕೊಳ್ಳಬೇಕು. ಆದರೆ ಅದು ಅವರು ಕೆಲಸ ಮಾಡುವ ರೀತಿ. ಕಣ್ಣು ತೆರೆದರೆ ಬೇಡದ್ದೆಲ್ಲ ಕಾಣುತ್ತದೆ, ಮುಚ್ಚಿದರೆ ಬೇಕಾದದ್ದು ಕೇಳುತ್ತದೆ ಎಂದು ಅವರು ನಂಬಿದ್ದರು. ಠಾಣೆಯ ಹುಡುಗರು ಹಿಂದಿನಿಂದ ಅವರನ್ನು ಕುಂಭಕರ್ಣ ಅನ್ನುತ್ತಿದ್ದರು. ಅದೂ ಅವರಿಗೆ ಕೇಳಿಸಿತ್ತು.

ಕಾನ್ಸ್‌ಟೇಬಲ್ ತಿಮ್ಮರಾಜು ಪೆನ್ನು ತೆರೆದು, ನಾಯಿ ಕಾಣೆಯಾಗಿದೆ ಎಂದು ಬರೆಯತೊಡಗಿದ.

"ಕಾಣೆಯಾಗಿದೆ ಅಂತ ಬರ್ಕೋಬೇಡಿ. ಕದ್ದಿದ್ದಾರೆ" ಎಂದರು ಕಮಲಾಕ್ಷಮ್ಮ.

"ಹೆಂಗೆ ಹೇಳ್ತೀರಿ?" ನಂದೀಶ್ವರಯ್ಯ ಕೇಳಿದರು.

"ಸೋನೆ ತಾನಾಗಿ ನನ್ನ ಬಿಟ್ಟು ಹೋಗೋಳಲ್ಲ. ಹಿತ್ತಲ ಗೇಟಿಗೆ ಹಾಕಿದ್ದ ಚಿಲಕ ತೆಗೆದಿದೆ. ನಾಯಿ ಚಿಲಕ ತೆಗೆಯಲ್ಲ ಸಾರ್."

ಸೋನೆ ಮೂರು ವರ್ಷದ ಕಪ್ಪು ಲ್ಯಾಬ್ರಡಾರ್ ಹೆಣ್ಣುನಾಯಿ. ಕಣ್ಣು ಕಾಣದವರಿಗೆ ದಾರಿ ತೋರಿಸಲು ತರಬೇತಿ ಪಡೆದದ್ದು. ಕೊರಟಗೆರೆ ರಸ್ತೆಯಲ್ಲಿರುವ 'ಜೊತೆಹೆಜ್ಜೆ' ಎಂಬ ಕಂಪನಿ ಹನ್ನೊಂದು ತಿಂಗಳ ಹಿಂದೆ ಅದನ್ನು ಕಮಲಾಕ್ಷಮ್ಮನವರಿಗೆ ಕೊಟ್ಟಿತ್ತು. ಬೆನ್ನಿನ ಮೇಲೆ ಗಟ್ಟಿ ಹಿಡಿಕೆಯ ಹಾರ್ನೆಸ್ ಇದ್ದರೆ ಅದಕ್ಕೆ ಡ್ಯೂಟಿ, ತೆಗೆದರೆ ರಜೆ. ಆ ಬೆಳಿಗ್ಗೆ ಆರು ಗಂಟೆಗೆ ಹಾರ್ನೆಸ್ ಇಲ್ಲದೆ ಹಿತ್ತಲಿಗೆ ಬಿಟ್ಟಿದ್ದರು. ಆರೂಕಾಲಿಗೆ ಕರೆದರೆ ಬರಲಿಲ್ಲ.

ಮಹಾಲಿಂಗಯ್ಯ ನಡುವೆ ಬಾಯಿ ಹಾಕಿ, ನಾಯಿ ಹೋದರೆ ಹೋಗಲಿ, ತಾನಿಲ್ಲವೇ, ಮೊದಲಿನಂತೆ ಶಾಲೆಗೆ ತಾನೇ ಬಿಟ್ಟುಬರುತ್ತೇನೆ ಎಂದರು. ಅಣ್ಣ ತಮ್ಮ ಅಂಗಡಿಯ ಬಾಗಿಲು ನೋಡಿಬರಲು ಹೊರಗೆ ಹೋದ ಮೇಲೆ ಕಮಲಾಕ್ಷಮ್ಮ ಮಾತು ಮುಂದುವರಿಸಿದರು.

"ಅಣ್ಣ ಒಳ್ಳೆಯವನು ಸಾರ್. ಆದರೆ ಅವನಿಗೆ ಬಿಡುವಾದಾಗ ನನ್ನ ಕಾಲು ನಡೀಬೇಕು. ಇಪ್ಪತ್ತು ವರ್ಷ ಹಾಗೇ ನಡೆದೆ. ಇನ್ನೊಂದು ಸಲ ಆಗಲ್ಲ."

ಎಫ್‌ಐಆರ್ ದಾಖಲಾಯಿತು. ವಾಸದ ಮನೆಯಿಂದ ಕಳವು, ಭಾರತೀಯ ನ್ಯಾಯ ಸಂಹಿತೆ ಕಲಂ 305.

ಹತ್ತೂವರೆಗೆ ಸ್ಥಳ ಪಂಚನಾಮೆ. ಕೋಟೆಬೆಟ್ಟದ ಬುಡದ ಬೀದಿ. ಇಡೀ ಬೆಟ್ಟವೇ ಒಂದು ಬಂಡೆಯಾದ್ದರಿಂದ ಬಿಸಿಲೇರುತ್ತಿದ್ದಂತೆ ಅದರ ಕಾವು ಮನೆಗಳ ಮೇಲೆ ನಿಧಾನವಾಗಿ ಇಳಿಯುತ್ತದೆ, ಬೀದಿಗೆ ಬೀದಿಯೇ ತೂಕಡಿಸುತ್ತದೆ. ಮಹಾಲಿಂಗಯ್ಯ ಆಗಲೇ ಗೇಟಿಗೆ ದೊಡ್ಡ ಬೀಗ ಜಡಿದಿದ್ದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ತಿಮ್ಮರಾಜು ಗೊಣಗಿದ. ಎಳೆದಾಡಿದ ಗುರುತಿಲ್ಲ, ಮಾಂಸ ಎಸೆದ ಗುರುತಿಲ್ಲ. ನಂದೀಶ್ವರಯ್ಯ ಹಿತ್ತಲಲ್ಲಿ ನಿಂತು ಕಣ್ಣು ಮುಚ್ಚಿ, ಬೆಳಿಗ್ಗೆ ಏನಾದರೂ ಸದ್ದು ಕೇಳಿಸಿತೇ ಎಂದು ಪಕ್ಕದ ಮನೆಯ ಪುಷ್ಪಾವತಿಯನ್ನು ವಿಚಾರಿಸಿದರು. ಏನೂ ಇಲ್ಲ ಎಂದಾಕೆ ಒಳಗೆ ಹೋಗುವಾಗ ತಿರುಗಿದರು.

"ಯಾರ್ದೋ ಮನೆ ಕುಕ್ಕರ್ ಕೂಗ್ತು ಅಷ್ಟೆ. ಮೂರು ಸಲ. ಸಣ್ಣಗೆ."

"ಎಷ್ಟು ಹೊತ್ತಿಗೆ?"

"ಆರು ದಾಟಿತ್ತು. ಇಷ್ಟು ಬೇಗ ಅನ್ನಕ್ಕಿಟ್ಟೋರು ಯಾರಪ್ಪ ಅಂದ್ಕೊಂಡೆ."

ಮೂರು ವಿಷಲ್ ಒಂದರ ಹಿಂದೆ ಒಂದು ಬಂದವೋ, ಬಿಟ್ಟು ಬಿಟ್ಟು ಬಂದವೋ ಎಂದು ಇನ್ಸ್‌ಪೆಕ್ಟರು ಕೇಳಿದರು. ಒಂದರ ಹಿಂದೆ ಒಂದು. ಹಾಗೆ ಕೂಗುವ ಕುಕ್ಕರ್ ಮಧುಗಿರಿಯಲ್ಲಿ ಯಾರ ಮನೆಯಲ್ಲೂ ಇಲ್ಲ ಎಂಬುದು ಸಂಸಾರಸ್ಥರಾದ ಅವರಿಗೆ ಗೊತ್ತಿತ್ತು.

ಮಧ್ಯಾಹ್ನ ಹನ್ನೆರಡೂವರೆಗೆ 'ಜೊತೆಹೆಜ್ಜೆ' ಕಚೇರಿ. ಅಲ್ಲಿಯ ಹಿರಿಯ ತರಬೇತುದಾರಳು ಲೋಹಿತಾ. ಸುದ್ದಿ ಮೊದಲೇ ಮುಟ್ಟಿತ್ತು. ಇನ್ಸ್‌ಪೆಕ್ಟರು ಏನನ್ನೂ ಕೇಳುವ ಮೊದಲೇ ಸಿಬ್ಬಂದಿಯೆಲ್ಲ ತಾವು ಬೆಳಿಗ್ಗೆ ಎಲ್ಲಿದ್ದೆವೆಂದು ಹೇಳಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಹಾಜರಿ ಯಂತ್ರ ನೋಡಿದಾಗ ಅವರು ಹೇಳಿದ್ದೆಲ್ಲ ನಿಜವೇ ಆಗಿತ್ತು.

ಮೂರು ಸೀಟಿಯ ಮಾತು ಎತ್ತುತ್ತಲೇ ಲೋಹಿತಾಳ ಮುಖ ಕಂದಿತು. ಕಂಪನಿಯ ಪದ್ಧತಿಯನ್ನು ಅವಳು ವಿವರಿಸಿದಳು. ಎರಡು ತಿಂಗಳ ಮರಿಯನ್ನು ಒಂದು ಸಾಕುಮನೆಗೆ ಕೊಡುತ್ತಾರೆ. ಆ ಮನೆಯವರು ಹದಿನಾಲ್ಕು ತಿಂಗಳು ಸಾಕಿ, ಸಂತೆ, ಬಸ್‌ಸ್ಟ್ಯಾಂಡು, ಮದುವೆಮನೆ ಎಲ್ಲ ತಿರುಗಿಸಿ, ಜನರ ನಡುವೆ ಬಾಳುವುದನ್ನು ಕಲಿಸಿ ಹಿಂದಿರುಗಿಸಬೇಕು. ತಟ್ಟೆ ಇಡುವ ಮುಂಚೆ ಪ್ರತಿ ಹೊತ್ತೂ ಮೂರು ಸಣ್ಣ ಸೀಟಿ. ಮರಿಗೆ ಆ ಸೀಟಿ ಎಂದರೆ ಅನ್ನ, ಮನೆ, ತಾಯಿ ಎಲ್ಲವೂ. ಎಷ್ಟು ವರ್ಷ ಕಳೆದರೂ ಕೇಳಿದರೆ ಬಂದೇ ಬರುತ್ತದೆ. ನಾಯಿ ಆಮೇಲೆ ಯಾರ ಪಾಲಿಗೆ ಹೋಯಿತೆಂದು ಮಾತ್ರ ಸಾಕುಮನೆಯವರಿಗೆ ಹೇಳುವುದಿಲ್ಲ.

"ಸೋನೆಯ ಸಾಕುಮನೆ ಯಾವುದು?"

"ಶಿರಾ ತಾಲ್ಲೂಕು ಮದಲೂರು. ಬೋರಯ್ಯ ಅಂತ. ಒಬ್ಬರೇ ಇರೋದು. ಅವರಷ್ಟು ಚೆನ್ನಾಗಿ ಮರಿ ಸಾಕಿದವರು ನಮ್ಮಲ್ಲಿ ಇಲ್ಲ ಸಾರ್."

"ಸೋನೆ ಇಲ್ಲಿದೆ ಅಂತ ಅವರಿಗೆ ಹೆಂಗೆ ಗೊತ್ತಾಗಬೇಕು?"

ಲೋಹಿತಾ ಗೋಡೆಯ ಕಡೆ ಕೈ ತೋರಿಸಿದಳು. ಈ ವರ್ಷದ ಕ್ಯಾಲೆಂಡರಿನಲ್ಲಿ ಕಮಲಾಕ್ಷಮ್ಮ ಸೋನೆಯ ಹಿಡಿಕೆ ಹಿಡಿದು ನಗುತ್ತಿದ್ದರು, ಹಿಂದೆ ಕೋಟೆಬೆಟ್ಟ, ಕೆಳಗೆ ಅವರ ಹೆಸರು. ಅದನ್ನು ಎಲ್ಲ ಸಾಕುಮನೆಗಳಿಗೂ ಅಂಚೆಯಲ್ಲಿ ಕಳಿಸಿದ್ದು ಅವಳೇ. ಗುಟ್ಟು ಕಾಯುವ ನಿಯಮ ಬರೆದವಳೂ ಅವಳೇ. ಎರಡು ವಾರ ಕೆಲಸ ತಪ್ಪಿದರೆ ನಾಯಿಯ ಹದ ಕೆಡುತ್ತದೆಂದೂ, ಬೇರೆ ನಾಯಿಗೆ ಕಮಲಾಕ್ಷಮ್ಮ ಎರಡು ವರ್ಷ ಕಾಯಬೇಕೆಂದೂ ಹೇಳಿ ಅವಳು ಆ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದಳು.

ಶನಿವಾರ ಬೆಳಿಗ್ಗೆ ಜೀಪು ಹೊರಟಾಗ ಮುಖ್ಯ ರಸ್ತೆಯಲ್ಲಿ ಮಹಾಲಿಂಗಯ್ಯ ತಂಗಿಯನ್ನು ಶಾಲೆಗೆ ಕರೆದೊಯ್ಯುತ್ತಿದ್ದರು. ಅಣ್ಣ ಸರಸರನೆ ಮುಂದೆ, ತಂಗಿ ಅರ್ಧ ಹೆಜ್ಜೆ ಹಿಂದೆ. ಯಾರೋ ಮಾತಾಡಿಸಿದರೆಂದು ಅಣ್ಣ ನಿಂತರು, ತಂಗಿಯೂ ನಿಂತರು. ಮಾತು ಮುಗಿಯುವವರೆಗೆ ನಿಂತೇ ಇದ್ದರು. ಇಂಥದ್ದನ್ನು ನಂದೀಶ್ವರಯ್ಯ ಎಷ್ಟೋ ಸಲ ನೋಡಿದ್ದರು, ಆದರೆ ಅದು ಸಂಕಟ ಎಂದು ಅವರಿಗೆ ಅನ್ನಿಸಿದ್ದು ಅವತ್ತೇ.

ಮದಲೂರು ಕೆರೆಯ ಏರಿಯ ಕೆಳಗೆ ಬೋರಯ್ಯನ ಮನೆ. ಬೀಗ. ನೀರಿನ ಮೇಲಿಂದ ಬರುವ ಗಾಳಿಗೆ ಬಾಗಿಲ ಚಿಲಕ ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು. ಎದುರು ಮನೆಯ ರಾಜಲಕ್ಷ್ಮಮ್ಮ ಜಗಲಿಯಲ್ಲಿ ಕಡಲೆಕಾಯಿ ಬಿಡಿಸುತ್ತ, ಅವನು ಪಾವಗಡದ ಕಡೆ ಸೋಲಾರ್ ಪಾರ್ಕಿನಲ್ಲಿ ರಾತ್ರಿ ಕಾವಲಿಗೆ ಸೇರಿ ಎಂಟು ತಿಂಗಳಾಯಿತೆಂದು ತಿಳಿಸಿದರು.

"ಮೊದ್ಲಂಗಿಲ್ಲ ಕಣಪ್ಪ ಅವ್ನು. ಎದ್ರಿಗೆ ಬಂದ್ರೂ ಮಾತಾಡ್ಸಾಕಿಲ್ಲ. ಕೆಲ್ಸ ಸಿಕ್ಕೇಟ್ಗೆ ದೊಡ್ಡ ಮನ್ಸ ಆಗ್ಬುಟ್ಟವ್ನೆ."

ಇನ್ಸ್‌ಪೆಕ್ಟರು ಅದನ್ನು ಹಾಗೆಯೇ ಬರೆದುಕೊಂಡರು. ಸಾಕಿದ ನಾಯಿಯನ್ನು ಬಿಟ್ಟಿರಲಾರದ ಒಂಟಿ ಮನುಷ್ಯ, ಊರಿನ ಮೇಲೆ ಮುನಿಸು. ಅವರ ಲೆಕ್ಕದಲ್ಲಿ ಕೇಸು ಅಲ್ಲಿಗೆ ತೆರೆದ ಪುಸ್ತಕವಾಗಿತ್ತು, ಓದಿದ ಸಾಲು ಮಾತ್ರ ತಪ್ಪಾಗಿತ್ತು.

ಭಾನುವಾರ ತಿಮ್ಮರಾಜು ಸಾದಾ ಉಡುಪಿನಲ್ಲಿ ಸೋಲಾರ್ ಪಾರ್ಕಿನ ಪಕ್ಕದ ಬಲಸಮುದ್ರಕ್ಕೆ ಹೋದ. ಅವನು ಆ ಸೀಮೆಯವನೇ, ತೆಲುಗು ಬಲ್ಲವನು. ಟೊಮೇಟೊ ಸಾಗಿಸುವ ಟೆಂಪೊ ಚಾಲಕನೊಬ್ಬ ಶುಕ್ರವಾರ ಬೆಳಿಗ್ಗೆ ಮಧುಗಿರಿಯ ಹೊರಗಿನಿಂದ ಒಬ್ಬ ಗಾರ್ಡನ್ನೂ ಕರಿನಾಯಿಯನ್ನೂ ಹತ್ತಿಸಿಕೊಂಡು ಬಂದೆನೆಂದು ಹೇಳಿಕೆ ಕೊಟ್ಟ. ಪಾರ್ಕಿನ ಬೇಲಿಯಾಚೆ ಕುರಿ ಮೇಯಿಸುವ ಮುದುಕಿ ಇನ್ನೂ ಹೆಚ್ಚಿನದನ್ನು ಹೇಳಿದಳು.

"ಆ ಗಾರ್ಡಾ? ನಿನ್ನಟಿ ನುಂಚಿ ಪೊದ್ದುನ್ನೇ ಮೂಡು ಸಾರ್ಲು ಈಲ ಏಸ್ತಾಡು ಸಾಮಿ. ಎಂದುಕೋ ತೆಲೀದು."

ನಿನ್ನೆಯಿಂದ ಬೆಳಗಾದರೆ ಮೂರು ಸಲ ಸೀಟಿ ಊದುತ್ತಾನೆ, ಯಾಕೋ ಗೊತ್ತಿಲ್ಲ ಎಂದು. ಕಳ್ಳ ಮಾಲು ಬಚ್ಚಿಟ್ಟವನು ಮಾಲಿನ ಊಟದ ಗಂಟೆ ಬಾರಿಸುವುದು ಪೊಲೀಸರ ಪುಸ್ತಕದಲ್ಲಿ ಇರಲಿಲ್ಲ. ಆದರೆ ಸೀಟಿ ಊದದೆ ತಟ್ಟೆ ಇಡುವುದು ಬೋರಯ್ಯನ ಕೈಯಲ್ಲಿ ಆಗದ ಕೆಲಸ. ಅಷ್ಟು ಚೆನ್ನಾಗಿ ಮರಿ ಸಾಕಿದವನು ಅವನು.

ಫೆಬ್ರವರಿ 17, ಸೋಮವಾರ. ಬೆಳಿಗ್ಗೆ 6 ಗಂಟೆ 35 ನಿಮಿಷ. ನಂದೀಶ್ವರಯ್ಯ ಮತ್ತು ತಿಮ್ಮರಾಜು ಪಾರ್ಕಿನ ಗೇಟಿನ ಮರೆಯಲ್ಲಿ ನಿಂತಿದ್ದರು. ಕಣ್ಣು ಹಾಯುವವರೆಗೂ ಫಲಕಗಳು. ಮಂಜು ಇನ್ನೂ ಸರಿದಿರಲಿಲ್ಲ. ಮೂಡಣದ ಕೆಂಪು ಅವುಗಳ ಮೇಲೆ ಬಿದ್ದು, ನೆಲವೆಲ್ಲ ತುಂಬಿದ ಕೆರೆಯಂತೆ ಕಾಣುತ್ತಿತ್ತು. ನೀರೇ ಇಲ್ಲದ ಕಡೆ ನೀರು ಕಂಡು ಇನ್ಸ್‌ಪೆಕ್ಟರಿಗೆ ಒಂದು ಗಳಿಗೆ ತಾನು ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ತಿಳಿಯಲಿಲ್ಲ. ಆ ನೀರಿನ ನಡುವಿನ ಹಾದಿಯಲ್ಲಿ ಒಬ್ಬ ಮನುಷ್ಯ, ಪಕ್ಕದಲ್ಲಿ ಕರಿನಾಯಿ, ತೇಲಿಬರುವಂತೆ ಬರುತ್ತಿದ್ದರು.

ಬೋರಯ್ಯ ಸೈಕಲ್ ಟ್ಯೂಬು ಮತ್ತು ತಂತಿಯಿಂದ ಒಂದು ಹಿಡಿಕೆ ಮಾಡಿ ಸೋನೆಯ ಬೆನ್ನಿಗೆ ಕಟ್ಟಿದ್ದ. ಎಡಗೈ ಅದರ ಮೇಲಿತ್ತು. ಕೇಬಲ್ ಕಾಲುವೆಯ ಹತ್ತಿರ ಸೋನೆ ನಿಂತಿತು. ಅವನೂ ನಿಂತ. ಪಾದ ಮುಂದೆ ಚಾಚಿ, ಅಂಚನ್ನು ತಡವಿ, ದಾಟಿದ. ಕಾಲುವೆ ಎರಡು ಮೊಳ ಅಗಲವಿತ್ತು, ಬೆಳಕೂ ಸಾಕಷ್ಟಿತ್ತು.

ನಂದೀಶ್ವರಯ್ಯನವರಿಗೆ ಆಗ ಹೊಳೆಯಿತು. ರಾಜಲಕ್ಷ್ಮಮ್ಮನನ್ನು ಅವನು ಮಾತಾಡಿಸದೆ ಹೋದದ್ದು ಸೊಕ್ಕಿನಿಂದಲ್ಲ. ಎದುರಿಗೆ ಬಂದು ನಿಂತ ಇನ್ಸ್‌ಪೆಕ್ಟರನ್ನೂ ಅವನು ಮೂರು ಮಾರು ಹತ್ತಿರ ಬರುವವರೆಗೆ ಕಾಣಲಿಲ್ಲ.

"ಬೋರಯ್ಯನಾ?"

"ಹೂಂ ಸ್ವಾಮಿ. ಯಾರು?"

"ಮಧುಗಿರಿ ಪೊಲೀಸು. ಕಣ್ಣು ಎಷ್ಟು ದಿನದಿಂದ ಹಿಂಗೆ?"

ಅವನು ನಾಯಿಯ ಬಗ್ಗೆ ಕೇಳುತ್ತಾರೆಂದು ಕಾದಿದ್ದ. ಸುಳ್ಳೊಂದನ್ನು ಅದಕ್ಕೆಂದು ಸಿದ್ಧಮಾಡಿಯೂ ಇಟ್ಟುಕೊಂಡಿರಬೇಕು. ಈ ಪ್ರಶ್ನೆಗೆ ಅವನ ಹತ್ತಿರ ಸುಳ್ಳಿರಲಿಲ್ಲ.

"ಎಲ್ಡು ವರ್ಸ ಆಯ್ತು. ಸೋನೆ ಮನೇಲಿದ್ದಾಗ್ಲೇ ಸುರುವಾಗಿತ್ತು. ಸುತ್ತಿಂದ ಮುಚ್ಕಂಡು ಬತ್ತಾ ಐತೆ. ಸಂಜೆ ಆದ್ರೆ ಏನೂ ಕಾಣಾಕಿಲ್ಲ."

"ಕಂಪನಿಯೋರಿಗೆ ಹೇಳಿದ್ರೆ ಅವರೇ ದಾರಿ ತೋರಿಸ್ತಿದ್ರಲ್ಲ."

"ಹೇಳಿದ್ರೆ ಕುಲ್ಡ ಅಂತ ಊರಿಗೆಲ್ಲ ಗೊತ್ತಾಯ್ತದೆ. ಕಾವಲುಗಾರನ ಕೆಲ್ಸ ಕುಲ್ಡಂಗೆ ಯಾರು ಕೊಡ್ತಾರೆ?"

"ಇನ್ನೊಬ್ಬರ ಕಣ್ಣು ಕಿತ್ಕೊಂಡು ಬಂದೆಯಲ್ಲೋ."

ಬೋರಯ್ಯ ಹಿಡಿಕೆಯಿಂದ ಕೈ ತೆಗೆದ. ಸೋನೆ ಅವನ ಮೊಣಕಾಲಿಗೆ ಒರಗಿ ಕುಳಿತಿತ್ತು.

"ಆಯಮ್ಮ ಹುಟ್ದಾಗಿಂದ್ಲೂ ಕಂಡೋರಲ್ಲ, ಅವ್ರಿಗೆ ಅಭ್ಯಾಸ ಐತೆ ಅಂದ್ಕಂಡೆ ಸ್ವಾಮಿ. ನಂಗೆ ಇಲ್ಲ."

ಇಬ್ಬರು ಪಂಚರ ಸಮಕ್ಷಮ ಜಪ್ತಿ ಪಂಚನಾಮೆ ಮುಗಿದಾಗ 7 ಗಂಟೆ 50 ನಿಮಿಷ. ಅದಕ್ಕೆ ಮುಂಚೆ, ಹೊತ್ತು ಮೀರುತ್ತದೆ ಎಂದು ಬೋರಯ್ಯ ಬೇಡಿಕೊಂಡದ್ದರಿಂದ, ಸೋನೆಗೆ ಊಟ ಹಾಕಲು ಇನ್ಸ್‌ಪೆಕ್ಟರು ಬಿಟ್ಟರು. ಅವನು ಮೂರು ಸೀಟಿ ಊದಿದ. ತಿಮ್ಮರಾಜು ಬೇರೆ ಕಡೆ ನೋಡುತ್ತ ನಿಂತ.

ಹನ್ನೊಂದು ಗಂಟೆಗೆ ಗುರುತು ಹಿಡಿಯಲು ಕಮಲಾಕ್ಷಮ್ಮ ಠಾಣೆಗೆ ಬಂದರು. ಸೋನೆ ಜೀಪಿನಿಂದ ಧುಮುಕಿ ಅವರ ಸೀರೆಯ ನೆರಿಗೆಗೆ ಮುಖ ಹುದುಗಿಸಿತು. ಅವರು ಕಿವಿ, ಪಂಜ, ಬಾಲ ಎಲ್ಲವನ್ನೂ ತಡವಿ ನೋಡಿ, ಬೆನ್ನಿನ ಮೇಲೆ ತಂತಿ ಉಜ್ಜಿದ ಜಾಗದಲ್ಲಿ ಕೈ ನಿಲ್ಲಿಸಿದರು. ನಡೆದದ್ದನ್ನು ನಂದೀಶ್ವರಯ್ಯ ಹೇಳಿದರು, ಬೋರಯ್ಯ ಅಂದುಕೊಂಡದ್ದನ್ನೂ ಮುಚ್ಚಿಡದೆ ಹೇಳಿದರು. ಆತನೊಡನೆ ಮಾತಾಡಬೇಕೆಂದರು ಕಮಲಾಕ್ಷಮ್ಮ.

"ನನಗೆ ಹತ್ತೊಂಬತ್ತು ತುಂಬೋವರೆಗೆ ಕಾಣ್ತಿತ್ತು ಬೋರಯ್ಯ" ಎಂದರು. "ಅಭ್ಯಾಸ ಯಾರಿಗೂ ಇರಲ್ಲ. ಮಾಡ್ಕೋಬೇಕು."

ಬೆಂಚಿನ ತುದಿಯಲ್ಲಿದ್ದ ಬೋರಯ್ಯ ತಲೆ ಬಗ್ಗಿಸಿದ. ಅದು ಅವರಿಗೆ ಕಾಣದು ಎಂದು ನೆನಪಾಗಿ, ತಪ್ಪಾಯ್ತು ಕಣಮ್ಮ ಎಂದ.

"ಕೇಸು ವಾಪಸ್ ತಗೊಳಲ್ಲ. ಮೂರು ದಿನ ನಾನು ನಡೆದಿಲ್ಲ, ನನ್ನನ್ನ ಎಳ್ಕೊಂಡು ಹೋದ್ರು. ಅದನ್ನ ಬಿಟ್ಟುಬಿಡೋಕೆ ಆಗಲ್ಲ." ಅವನ ದನಿ ಬಂದ ಕಡೆಗೆ ತಿರುಗಿದರು. "ನಾಯಿ ಕೊಡೋದಕ್ಕೂ ಮುಂಚೆ ಕೋಲು ಹಿಡಿದು ನಡೆಯೋದು ಕಲೀಬೇಕು. ಅದು ಕಂಪನಿ ನಿಯಮ. ಜಾಮೀನು ಸಿಕ್ಕಿದ ಮೇಲೆ ಭಾನುವಾರ ಬಾ. ಕೋಲು ನಾನು ಕಲಿಸ್ತೀನಿ."

ಮಹಾಲಿಂಗಯ್ಯ ತಂಗಿಯ ಮಣಿಕಟ್ಟಿಗೆ ಕೈ ಚಾಚಿದರು. ಅಷ್ಟರಲ್ಲಿ ಕಮಲಾಕ್ಷಮ್ಮ ಸೋನೆಗೆ ಹಾರ್ನೆಸ್ ತೊಡಿಸಿ ಆಗಿತ್ತು. ಮಧ್ಯಾಹ್ನದ ಪಾಠಕ್ಕೆ ಹೊತ್ತಾಗುತ್ತದೆಂದು ಸೋನೆಯೊಡನೆ ಮೆಟ್ಟಿಲಿಳಿದು ಹೊರಟರು. ಅಣ್ಣ ಅವರ ಚೀಲ ಹಿಡಿದು ಹಿಂದೆ ಹಿಂದೆ ನಡೆದರು.

ಮಧುಗಿರಿ ನ್ಯಾಯಾಲಯಕ್ಕೆ ಹಾಜರುಪಡಿಸುವ ಮುನ್ನ ದಸ್ತಗಿರಿ ಪತ್ರ ತಯಾರಾಯಿತು. ತಿಮ್ಮರಾಜು ಅದನ್ನು ಬೋರಯ್ಯನ ಮುಂದಿಟ್ಟು ಪೆನ್ನು ಕೊಟ್ಟ. ಬೋರಯ್ಯ ಕಾಗದವನ್ನು ಹತ್ತಿರಕ್ಕೆ ಎಳೆದು, ದೂರಕ್ಕೆ ತಳ್ಳಿ, ಓದಿದವನಂತೆ ತಲೆ ಆಡಿಸಿದ. ಎರಡು ವರ್ಷ ಅವನು ಎಲ್ಲರ ಎದುರಿಗೂ ಹೀಗೇ ಮಾಡಿಕೊಂಡು ಬಂದಿದ್ದ. ಹೆಂಡತಿ ತೀರಿಕೊಂಡ ಮನೆಯಲ್ಲಿ ಗುಟ್ಟು ಹೇಳಿಕೊಳ್ಳಲು ಇದ್ದ ಒಂದು ಜೀವ ಸೋನೆ, ಅದನ್ನೂ ನಿಯಮದಂತೆ ಹಿಂದಿರುಗಿಸಿದ್ದ. ಕತ್ತಲಾಗುತ್ತದೆ ಎಂಬ ಭಯಕ್ಕಿಂತ ಕತ್ತಲಾಗುತ್ತಿದೆ ಎಂದು ಬಾಯಿಬಿಟ್ಟು ಹೇಳುವ ಭಯವೇ ಅವನನ್ನು ಕಳ್ಳನನ್ನಾಗಿ ಮಾಡಿತೆಂದು ನಂದೀಶ್ವರಯ್ಯ ಆಮೇಲೆ ಕೇಸ್ ಡೈರಿಯಲ್ಲಿ ಬರೆದರು.

ಪೆನ್ನು ಬಹಳ ಹೊತ್ತು ಗಾಳಿಯಲ್ಲಿ ನಿಂತಿತ್ತು. ಠಾಣೆಯಲ್ಲಿ ಆರು ಜನರಿದ್ದರು, ಎಲ್ಲರೂ ನೋಡುತ್ತಿದ್ದರು.

"ಎಲ್ಲಿ ರುಜು ಹಾಕ್ಬೇಕು ತೋರಿಸ್ರಪ್ಪ" ಎಂದ ಬೋರಯ್ಯ. "ನಂಗೆ ಕಣ್ಣು ಕಾಣಾಕಿಲ್ಲ."

ಇನ್ಸ್‌ಪೆಕ್ಟರು ಎದ್ದು ಬಂದು ಅವನ ಬೆರಳು ಹಿಡಿದು ಕಾಗದದ ಮೇಲೆ ಜಾಗ ತೋರಿಸಿದರು. ಆಗ ಸಮಯ ಮಧ್ಯಾಹ್ನ 12 ಗಂಟೆ 10 ನಿಮಿಷ.